ಕುಳಿತ ಕೊಂಬೆ ಕಡಿದ ಜಾಣ

ಸ್ವೀಡನ್ನಿನಲ್ಲಿ ಬೆಳೆದ ಕನ್ನಡದ ಮಕ್ಕಳೇ, ಕುಳಿತ ಕೊಂಬೆಯನ್ನೇ ಕಡಿದ ದಡ್ಡನ ಕಥೆ ಕೇಳಿದ್ದೀರಿ. ಇದು ಜಾಣನೊಬ್ಬ ಕಡಿದ ಕಥೆ.

ಇಲ್ಲಿನ ಸಂಸತ್ತಿನಲ್ಲಿ ಹಿಂದೆ ನಾಲ್ಕು ಸಭೆಗಳಿದ್ದವು: ಕುಲೀನರದು, ಪಾದ್ರಿಗಳದು, ಪಟ್ಟಣಿಗರದು, ರೈತರದು. ಕುಲೀನ ಮನೆತನಗಳಿಗೆ ಹುಟ್ಟಿನಿಂದಲೇ ಸ್ಥಾನ. 1818ರಲ್ಲಿ ಹುಟ್ಟಿದ ಲೂಯಿ ದೆ ಯೇರ್ ಅಂಥ ಮನೆತನದವರೇ. ಯೋತಾ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷರಾಗಿದ್ದವರು 1858ರಲ್ಲಿ ನ್ಯಾಯಮಂತ್ರಿಯಾದರು. ನಾಲ್ಕೂ ಸಭೆಗಳನ್ನು ತೆಗೆದು, ಚುನಾಯಿತರ ಎರಡು ಸದನಗಳನ್ನು ತರುವ ಮಸೂದೆ ಅವರದು. 1865ರ ಡಿಸೆಂಬರ್ 7ರಂದು ಕುಲೀನರೇ ಅದನ್ನು 361–294 ಮತಗಳಿಂದ ಒಪ್ಪಿದರು. 1876ರಲ್ಲಿ ದೆ ಯೇರ್ ದೇಶದ ಮೊದಲ ಪ್ರಧಾನಿಯಾದರು.

ಆದರೂ ಮತದ ಹಕ್ಕು ಸಿಕ್ಕಿದ್ದು ಆಸ್ತಿ, ಆದಾಯವಿದ್ದವರಿಗೆ ಮಾತ್ರ. ಸಂಸತ್ತಿಗೆ ಮತ ಹಾಕಲು ಹೆಂಗಸರು 1921ರವರೆಗೆ ಕಾದರು. ನಮ್ಮ ಮೈಸೂರಿನಲ್ಲೂ ಹಾಗೆಯೇ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದಾಗ ಕರೆ ಹೋದದ್ದು ಜಮೀನುದಾರರಿಗೆ, ವರ್ತಕರಿಗೆ. ಬಾಗಿಲು ಎಲ್ಲಿಯೂ ಒಮ್ಮೆಲೇ ತೆರೆಯಲಿಲ್ಲ.

ಈಗ ನಿಮಗೆ ಹದಿನೆಂಟು ತುಂಬಿದ್ದರೆ ಸಾಕು. "ನನ್ನದೊಂದು ವೋಟಿನಿಂದ ಏನಾಗುತ್ತೆ?" ಅನ್ನಬೇಡಿ. ಇಲ್ಲಿ ಮೂರು ವರ್ಷ ನೋಂದಾಯಿತರಾಗಿದ್ದರೆ, ಪೌರತ್ವವಿಲ್ಲದ ಅಪ್ಪ ಅಮ್ಮನೂ ಕೊಮ್ಯೂನ್ ಚುನಾವಣೆಯಲ್ಲಿ ಮತ ಹಾಕಬಹುದು. ಅವರನ್ನೂ ಕರೆದುಕೊಂಡು ಹೋಗಿ.