‘ರೋಣದಾಗ ಮಳಿ’ ಅಂದ್ರ ಎಲ್ಲಿ?

ಹವಾಮಾನ ಇಲಾಖೆ ಪರೀಕ್ಷೆಗೆ ಓದ್ತಿರೋ ಕೆಲವರು ‘ಬೇಸಿಕ್ ಹೇಳ್ರಿ’ ಅಂತ ಮೆಸೇಜ್ ಹಾಕಿದ್ರಿ. ನಾನು ಬಿ.ಕಾಂ. ಓದಿದಾಂವ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ.

ಫೋನಿನಲ್ಲಿ ಮ್ಯಾಪ್ ತೆಗೆದು ನರಗುಂದದ ಮೇಲೆ ಬೆರಳು ಒತ್ತಿ ಹಿಡೀರಿ. ಎರಡು ಉದ್ದನೆಯ ಸಂಖ್ಯೆ ಬರ್ತಾವು. ಒಂದೇ ದಶಾಂಶಕ್ಕೆ ಇಳಿಸಿದ್ರೆ 15.7, 75.4. ರೋಣ 15.7, 75.7. ಗಜೇಂದ್ರಗಡ 15.7, 76.0. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಮೂರೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಯಾವ ಊರು ಅಂತ ಹೇಳೋದು ರೇಖಾಂಶ. ಆ ಒಂದು ದಶಾಂಶ ತಪ್ಪಿದ್ರೆ ಸುಮಾರು 11 ಕಿಲೋಮೀಟರ್ ಆಚೆ ಹೋದಂಗ. ಎರಡೂ ಸಂಖ್ಯೆ ಅದಲುಬದಲು ಮಾಡಿದ್ರಂತೂ ರೋಣ ಹೋಗಿ ನಾರ್ವೆಯ ಉತ್ತರದ ಸಮುದ್ರದಾಗ ಬೀಳ್ತದ!

ಇದು ಬರೀ ಪರೀಕ್ಷೆ ಪ್ರಶ್ನೆ ಅಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರ ಆಗೋದು ನಿಮ್ಮ ಹೊಲ ನೋಡಿ ಅಲ್ಲ, ಗೊತ್ತುಮಾಡಿದ ಕೇಂದ್ರದ ಅಂಕಿ ನೋಡಿ. ಮುಂಗಾರಿನ ಆರಂಭದ ಗುಡುಗು ಮಳಿ ಹೆಂಗ ಅಂತ ನಿಮಗ ಗೊತ್ತು: ರಸ್ತೆ ಈಚೆ ಹಸಿ, ಆಚೆ ಧೂಳು. ನಮ್ಮ ಕಾಕಾನ ಹೊಲ ಒಣಗಿದ ವರ್ಷ ಮಾಪಕದ ಲೆಕ್ಕದಲ್ಲಿ ಮಳಿ ಬಿದ್ದಿತ್ತು. ಮಾಪಕ ಸುಳ್ಳು ಹೇಳಿರಲಿಲ್ಲ, ಅದು ತಾನು ನಿಂತ ಜಾಗದ ಲೆಕ್ಕ ಕೊಟ್ಟಿತ್ತು, ಅಷ್ಟೇ.

ಹಂಗಾರ ಆ ಲೆಕ್ಕ ಹೆಂಗ ಬರೀತಾರ? 1 ಮಿಲಿಮೀಟರ್ ಮಳಿ ಅಂದ್ರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್. ದಿನದ ಖಾತೆ ಬಂದ್ ಆಗೋದು ರಾತ್ರಿ 12ಕ್ಕೆ ಅಲ್ಲ, ಬೆಳಿಗ್ಗೆ 8.30ಕ್ಕೆ. ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಬರ್ತದ. 2.5 ಮಿಲಿಮೀಟರ್ ಆಗದಿದ್ರೆ ಅದು ‘ಮಳೆ ದಿನ’ ಅಂತ ಎಣಿಕೆನೇ ಆಗಲ್ಲ, ನೀವು ತೊಯ್ಸಿಕೊಂಡು ಮನಿಗೆ ಬಂದಿದ್ರೂ.

ಮಾಪಕ ಎಲ್ಲಿ ಕೂಡಿಸ್ಯಾರ ಅನ್ನೋದೂ ನೋಡಬೇಕು. ಪಕ್ಕದ ಗಿಡ ಅಥವಾ ಗೋಡೆ 5 ಮೀಟರ್ ಎತ್ತರ ಇದ್ರೆ ಮಾಪಕ ಕನಿಷ್ಠ 10 ಮೀಟರ್ ದೂರ ಇರಬೇಕು. ಉಷ್ಣಾಂಶ ಅಳೆಯೋದು ಬಿಳಿ ಬಣ್ಣದ, ಗಾಳಿ ಆಡುವ ಪೆಟ್ಟಿಗೆಯೊಳಗೆ. ಅದರ ಬಾಗಿಲು ಉತ್ತರಕ್ಕೆ, ತೆಗೆದಾಗ ಬಿಸಿಲು ಬೀಳಬಾರದು ಅಂತ. ಗಾಳಿಯ ವೇಗ 10 ಮೀಟರ್ ಎತ್ತರದಲ್ಲಿ. ‘ಪಶ್ಚಿಮದ ಗಾಳಿ’ ಅಂದ್ರೆ ಪಶ್ಚಿಮದಿಂದ ಬರುವ ಗಾಳಿ, ಪರೀಕ್ಷೆಯಲ್ಲಿ ಬಹಳ ಮಂದಿ ಇಲ್ಲೇ ಎಡವತಾರ.

ಇಂಥ ಅಂಕಿಗಳನ್ನೆಲ್ಲ ನಕಾಶೆ ಮೇಲೆ ಇಟ್ಟು, ಒಂದೇ ಒತ್ತಡ ಇರುವ ಜಾಗಗಳನ್ನು ಗೆರೆಯಿಂದ ಕೂಡಿಸ್ತಾರ. ಅವು ಸಮಭಾರ ರೇಖೆಗಳು. ಗೆರೆ ಒತ್ತೊತ್ತಾಗಿದ್ರೆ ಗಾಳಿ ಜೋರು.

ನಮ್ಮ ರಾಜ್ಯದಾಗ ಪಂಚಾಯಿತಿ ಮಟ್ಟದಲ್ಲೂ ಸ್ವಯಂಚಾಲಿತ ಮಳೆ ಮಾಪಕ ಕೂಡಿಸ್ಯಾರ, ಅದರ ಲೆಕ್ಕ ಬೆಂಗಳೂರಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗ್ತದ. ನಿಮ್ಮೂರಿನದು ಎಲ್ಲೈತಿ ಅಂತ ಹುಡುಕ್ರಿ. ಅದರ ಪಕ್ಕ ನಿಂತು ಮ್ಯಾಪ್ ಒತ್ತಿ ಆ ಎರಡು ಸಂಖ್ಯೆ ಬರ್ಕೊಳ್ರಿ. ಆಮೇಲೆ ನಿಮ್ಮ ಹೊಲಕ್ಕೆ ಹೋಗಿ ಇನ್ನೊಮ್ಮೆ ಒತ್ರಿ. ನಡುವಿನ ದೂರ ಎಷ್ಟು ಬಂತು, ವಾಯ್ಸ್ ನೋಟ್‌ನಾಗ ಕಳಿಸ್ರಿ.