ರಾತ್ರಿಯಿಡೀ ಕಾಯುವ ಒಲೆ

ದನಕ್ಕೆ ಮನುಷ್ಯರಿಗಿರುವಂತೆ ಕತ್ತಿನ ಬುಡದ ಅಡ್ಡ ಎಲುಬು ಇಲ್ಲ. ಆದ್ದರಿಂದ ಅದರ ಮುಂಭಾಗದ ಭಾರವನ್ನು ಎದೆಯ ಸ್ನಾಯುಗಳೇ ಹೊರಬೇಕು. ದಿನವೆಲ್ಲ ದುಡಿಯುವ ಸ್ನಾಯು ಗಟ್ಟಿಯಾಗದೆ ಇನ್ನೇನಾದೀತು? ಬ್ರಿಸ್ಕೆಟ್ ಎಂಬ ಈ ಎದೆಯ ಮಾಂಸ ಬಹುಕಾಲ ಅಗ್ಗದ ತುಂಡಾಗಿಯೇ ಇತ್ತು. ಅದನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸಿ ಹೆಸರುವಾಸಿ ಮಾಡಿದ್ದು ಅಮೆರಿಕದ ಟೆಕ್ಸಸ್ ಸೀಮೆ.

19ನೆಯ ಶತಮಾನದಲ್ಲಿ ಜರ್ಮನ್ ಮತ್ತು ಚೆಕ್ ವಲಸಿಗರು ಮಧ್ಯ ಟೆಕ್ಸಸ್ಸಿನಲ್ಲಿ ಮಾಂಸದಂಗಡಿಗಳನ್ನು ತೆರೆದರು. ಶೀತಲ ಪೆಟ್ಟಿಗೆ ಇಲ್ಲದ ಕಾಲ. ಮಾರಾಟವಾಗದೆ ಉಳಿದದ್ದು ಕೆಡಬಾರದೆಂದು ಅದನ್ನು ಹೊಗೆಗೆ ಒಡ್ಡಿದರು. ಹತ್ತಿ ಬಿಡಿಸಲು ಬರುತ್ತಿದ್ದ ಕಪ್ಪು ಜನರು ಮತ್ತು ಮೆಕ್ಸಿಕನ್ ಕೂಲಿಗಳು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಕೈಯಿಂದಲೇ ತಿನ್ನುತ್ತಿದ್ದರು. ಬಿಳಿಯರ ಹೋಟೆಲುಗಳಲ್ಲಿ ಕೂರಲು ಅವರಿಗೆ ಜಾಗವಿರಲಿಲ್ಲ. ಲಾಕ್‌ಹಾರ್ಟ್ ಊರಿನ ಕ್ರಾಯ್ಟ್ಸ್ ಮಾರ್ಕೆಟ್ 1900ರಲ್ಲಿ ಹೀಗೆ ಮಾಂಸದಂಗಡಿಯಾಗಿಯೇ ಆರಂಭವಾದದ್ದು. ಅಲ್ಲಿ ಬಹುಕಾಲ ಮುಳ್ಳುಚಮಚವನ್ನಾಗಲಿ ಸಾಸನ್ನಾಗಲಿ ಕೊಡುತ್ತಿರಲಿಲ್ಲ.

ಆದರೆ ಕಥೆಯನ್ನು ಅಂಗಡಿಯ ಹೆಸರಿನಿಂದಲೇ ಆರಂಭಿಸುವುದು ಅರ್ಧ ಸತ್ಯ. ನೆಲದಲ್ಲಿ ಗುಂಡಿ ತೋಡಿ ಕೆಂಡದ ಮೇಲೆ ಇಡೀ ಪ್ರಾಣಿಯನ್ನು ಬೇಯಿಸುವ ವಿದ್ಯೆ ದಕ್ಷಿಣದ ತೋಟಗಳಲ್ಲಿ ಗುಲಾಮರ ಕೈಯಲ್ಲಿತ್ತು. 1865ರ ಜೂನ್ 19ರಂದು ಟೆಕ್ಸಸ್ಸಿನಲ್ಲಿ ಬಿಡುಗಡೆಯ ಆಜ್ಞೆ ಸಾರಲ್ಪಟ್ಟಿತು. ಆ ದಿನದ ನೆನಪಿನ ಹಬ್ಬಕ್ಕೆ ಬಾರ್ಬೆಕ್ಯೂ ಇಲ್ಲದಿದ್ದರೆ ಆಗದು. ಮೆಕ್ಸಿಕನ್ನರಾದರೋ ದನದ ತಲೆಯನ್ನು ಎಲೆಯಲ್ಲಿ ಸುತ್ತಿ ಗುಂಡಿಯಲ್ಲಿ ಹುಗಿದು ಬೇಯಿಸುತ್ತಿದ್ದರು. ಬೋರ್ಡಿನ ಮೇಲೆ ಬಂದದ್ದು ಅಂಗಡಿಯ ಒಡೆಯನ ಹೆಸರು, ರಾತ್ರಿಯೆಲ್ಲ ಬೆಂಕಿ ಕಾದವನದಲ್ಲ.

1960ರ ದಶಕದ ಕೊನೆಯಿಂದ ಮಾಂಸವನ್ನು ಭಾಗಭಾಗವಾಗಿ ಪೆಟ್ಟಿಗೆಯಲ್ಲಿ ಕಳಿಸುವ ಪದ್ಧತಿ ಬೆಳೆಯಿತು. ಬ್ರಿಸ್ಕೆಟ್ ಒಂದನ್ನೇ ಕೊಳ್ಳುವುದು ಸುಲಭವಾಯಿತು. ವಿದ್ಯೆ ಮನೆಯ ಹಿತ್ತಲಿಗೂ ಬಂತು. ಐದಾರು ಕಿಲೋ ತೂಕದ ತುಂಡಿಗೆ ಉಪ್ಪು, ಕರಿಮೆಣಸಿನ ತರಿ, ಅಷ್ಟೆ. ಉರಿ ಒಂದು ಪಕ್ಕ, ಮಾಂಸ ಇನ್ನೊಂದು ಪಕ್ಕ. ಸೌದೆ ಆ ಸೀಮೆಯ ಪೋಸ್ಟ್ ಓಕ್ ಮರದ್ದು. ಹಸಿಯಾಗಿದ್ದರೆ ಹೊಗೆ ಕಹಿಯಾಗುತ್ತದೆ. ಒಲೆಯ ಶಾಖ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಇರಬೇಕು. ಹನ್ನೆರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಸ್ನಾಯುವನ್ನು ಬಿಗಿದಿರುವ ಕೊಲಾಜೆನ್ ಎಂಬ ನಾರು ನಿಧಾನವಾಗಿ ಕರಗಿ ಜೆಲ್ಲಿಯಾಗುವುದಕ್ಕೆ ಅಷ್ಟು ಹೊತ್ತು ಬೇಕು. ಉರಿ ಜೋರು ಮಾಡಿದರೆ ನಾರು ಕರಗುವ ಮೊದಲೇ ಮಾಂಸ ಒಣಗುತ್ತದೆ.

ಹೊಸಬರು ಧೈರ್ಯಗೆಡುವುದು ನಡುರಾತ್ರಿಯಲ್ಲಿ. ಮಾಂಸದೊಳಗಿನ ಶಾಖ 65–70 ಡಿಗ್ರಿಯ ಸುಮಾರಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಬೆಂಕಿ ಇದೆ, ಮಾಂಸ ಮಾತ್ರ ಕಾಯದು! ಕೊಬ್ಬು ಕರಗಲು ಶಾಖವೆಲ್ಲ ಖರ್ಚಾಗುತ್ತದೆ ಎಂದು ಹಲವರು ಹೇಳುತ್ತಿದ್ದರು. ಗ್ರೆಗ್ ಬ್ಲಾಂಡರ್ ಎಂಬ ಭೌತವಿಜ್ಞಾನಿ ಪ್ರಯೋಗ ಮಾಡಿ, ಕಾರಣ ಬೆವರು ಎಂದು ತೋರಿಸಿದರು. ಮಣ್ಣಿನ ಹೂಜಿಯ ಮೈ ಒಸರಿ ನೀರು ತಣ್ಣಗಾಗುವುದಿಲ್ಲವೇ, ಹಾಗೆಯೇ ಮಾಂಸದ ತೇವವೂ ಆವಿಯಾಗಿ ಅದನ್ನು ತಂಪಾಗಿಡುತ್ತದೆ. ಕಟುಕರ ಕಾಗದದಲ್ಲಿ ಸುತ್ತಿದರೆ ಆವಿ ತಡೆಯುತ್ತದೆ, ಶಾಖ ಮತ್ತೆ ಏರುತ್ತದೆ.

ಹಿತ್ತಲಿನಲ್ಲಿ ಪಳಗಿದ ಆರನ್ ಫ್ರಾಂಕ್ಲಿನ್ 2009ರಲ್ಲಿ ಆಸ್ಟಿನ್ ನಗರದಲ್ಲಿ ಗಾಡಿ ಇಟ್ಟರು. 2015ರಲ್ಲಿ ಅವರಿಗೆ ಬಾಣಸಿಗರ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಕೂಲಿಯವರ ಕಾಗದದ ಪೊಟ್ಟಣಕ್ಕಾಗಿ ಈಗ ಉಳ್ಳವರು ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ.

ಒಳಗಿನ ಶಾಖ 95 ಡಿಗ್ರಿಯ ಹತ್ತಿರ ಬಂದಾಗ ಚುಚ್ಚಿದ ಕಡ್ಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಬೇಕು. ಕೂಡಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು. ಟವೆಲ್ ಸುತ್ತಿ, ಮಂಜುಗಡ್ಡೆ ಇಲ್ಲದ ಐಸ್ ಪೆಟ್ಟಿಗೆಯಲ್ಲಿ ಒಂದೆರಡು ಗಂಟೆ ಬಿಸಿಯಾಗಿಯೇ ಇಡುತ್ತಾರೆ. ಬ್ರಿಸ್ಕೆಟ್ಟಿನಲ್ಲಿರುವುದು ಎರಡು ಸ್ನಾಯು. ಒಂದರ ಎಳೆ ಒಂದು ದಿಕ್ಕಿಗೆ, ಇನ್ನೊಂದರದು ಬೇರೆ ದಿಕ್ಕಿಗೆ. ಎಳೆಗೆ ಅಡ್ಡಲಾಗಿಯೇ ಕೊಯ್ಯಬೇಕಾದ್ದರಿಂದ ಅರ್ಧಕ್ಕೆ ಬಂದಾಗ ತುಂಡನ್ನು ತಿರುಗಿಸಿ ಇಟ್ಟುಕೊಳ್ಳುತ್ತಾರೆ.