ಹನ್ನೊಂದನೆಯ ಪದ



ಈ ವರ್ಷ ನಮ್ಮ ಚಿಕ್ಕ ತರಗತಿಯ ಹನ್ನೊಂದು ಮಕ್ಕಳು ಊರಿಗೆ ಫೋನ್ ಮಾಡಿ, ಅಜ್ಜಿಯರಿಂದ ಒಂದೊಂದು ಪದ ಕೇಳಿಕೊಂಡು ಬಂದರು. ಅವನ್ನು ಕೂಡಿಡಲು ನಾನು ಜಾವಾದಲ್ಲಿ ಒಂದು ಪ್ರೋಗ್ರಾಂ ಬರೆದೆ. ಪದಗಳಿಗೆ ಒಂದು ಅರೇ, ಅಂಕಗಳಿಗೆ ಇನ್ನೊಂದು. ಅರೇ ಅಂದರೆ ಸಾಲುಮನೆ ಇದ್ದ ಹಾಗೆ. ಹತ್ತು ಮನೆ ಕಟ್ಟಿದರೆ ಹತ್ತೇ. ಹನ್ನೊಂದನೆಯವರು ಬಂದರೆ ಬೇರೆ ದೊಡ್ಡ ಸಾಲು ಕಟ್ಟಿ ಎಲ್ಲರನ್ನೂ ಅಲ್ಲಿಗೆ ನಕಲು ಮಾಡಬೇಕು.

ಏನು ಬೇಕಾದರೂ ಹಿಡಿಸಲಿ ಎಂದು ನಾನು ಹೊಸ ಸಾಲನ್ನು 'ಆಬ್ಜೆಕ್ಟ್' ಅರೇ ಆಗಿ ಕಟ್ಟಿದೆ. ಹನ್ನೊಂದನೆಯ ಪದ 'ಹಗೇವು', ನೆಲದೊಳಗೆ ಕಾಳು ಕೂಡಿಡುವ ಗುಂಡಿ. ಪುಟ್ಟಿ ಎಂಟರ್ ಒತ್ತಿದಳು. ಪ್ರೋಗ್ರಾಂ ನಿಂತುಹೋಯಿತು. ಸೇವ್ ಮಾಡಿರಲಿಲ್ಲ, ಎಲ್ಲ ಪದಗಳೂ ಹೋದವು. "ಅಕ್ಕಾ, ಅಜ್ಜಿ ಹೇಳಿದ್ದು ಎಲ್ಲಿ ಹೋಯ್ತು?" ಎಂದಳು.

ಒಳಗಿದ್ದದ್ದೆಲ್ಲ ಪದಗಳೇ. ಆದರೆ ಸಾಲು ಹುಟ್ಟಿದ್ದು ಆಬ್ಜೆಕ್ಟ್ ಸಾಲಾಗಿ. ಅದನ್ನು ಪದಗಳ ಸಾಲು ಎಂದು ಕರೆದರೆ ಜಾವಾ ಒಪ್ಪುವುದಿಲ್ಲ. ಅಂಕಗಳ ಸಾಲಂತೂ ಆಬ್ಜೆಕ್ಟ್ ಅರೇ ಅಲ್ಲವೇ ಅಲ್ಲ.

ಅಪ್ಪ ಇಲ್ಲೇ ದುಕ್ಮ್ ಬಂದರಿನಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಕೇಳಿ ನಕ್ಕರು. "ಮೀನು ತಂಪು ಕಂಟೇನರಿನಲ್ಲಿ ಬಂದಿದ್ದರೆ, ಬದಲಾಯಿಸುವಾಗಲೂ ತಂಪು ಕಂಟೇನರೇ ಬೇಕಲ್ಲ ಮಗಳೇ. ಮೊದಲು ಮೇಲಿನ ಚೀಟಿ ಓದಬೇಕು."

ಜಾವಾದಲ್ಲಿ ಆ ಚೀಟಿ ಓದುವುದೇ ರಿಫ್ಲೆಕ್ಷನ್. 1997ರ ಜೆಡಿಕೆ 1.1ರಿಂದಲೂ ಇದೆ. ಬಂದದ್ದು ಅರೇ ಹೌದೋ ಅಲ್ಲವೋ ಎಂದು ಮೊದಲು ಕೇಳಬೇಕು. ಹೌದಾದರೆ 'ಗೆಟ್ ಕಾಂಪೊನೆಂಟ್ ಟೈಪ್' ಅದರ ಮನೆಗಳು ಯಾವ ಬಗೆಯವು ಎಂದು ಹೇಳುತ್ತದೆ. 'ನ್ಯೂ ಇನ್‌ಸ್ಟನ್ಸ್' ಅದೇ ಬಗೆಯ ಉದ್ದನೆಯ ಸಾಲು ಕಟ್ಟಿಕೊಡುತ್ತದೆ. ಕೊನೆಗೆ 'ಅರೇ ಕಾಪಿ' ಎಲ್ಲವನ್ನೂ ಅಲ್ಲಿಗೆ ತುಂಬುತ್ತದೆ. ಪದವಾಗಲಿ, ಅಂಕವಾಗಲಿ, ಒಂದೇ ವಿಧಾನ ಸಾಕು.

ಮುಂದಿನ ಶುಕ್ರವಾರ ಮಕ್ಕಳು ಮತ್ತೆ ಪದಗಳನ್ನು ಬರೆಸಿದರು. ಹತ್ತು ಪದ ಹಾಗೇ ಬಂದವು. ಒಂದು ಮಾತ್ರ ಹುಡುಗನಿಗೂ ನೆನಪಿಲ್ಲ, ಅವನ ಅಜ್ಜಿಗೂ ನೆನಪಿಲ್ಲ. ಅವರು ಬೇರೆ ಪದ ಕೊಟ್ಟರು. ಆ ಮೊದಲ ಪದ ಯಾವುದಿತ್ತೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ತಮ್ಮಂದಿರೇ, ತಂಗಿಯರೇ, ಮುಂದಿನ ವರ್ಷ ಪ್ರೋಗ್ರಾಂ ನಿಮ್ಮ ಕೈಯಲ್ಲಿ. ಇನ್ನೊಬ್ಬರು ಕೊಟ್ಟದ್ದನ್ನು ನಕಲು ಮಾಡುವ ಮೊದಲು ಅದು ಏನೆಂದು ಅದನ್ನೇ ಕೇಳಿ. ಮತ್ತೆ, ದಯವಿಟ್ಟು ಸೇವ್ ಮಾಡಿ.